ಮನೆ ನಂಬರ್ 60

ಒಂದು ದೃಶ್ಯ ಕಲ್ಪಿಸಿಕೊಳ್ಳಿ. ಬಸ್ ನಿಲ್ದಾಣದ ಹಿಂದಿನ ಮೈದಾನದಲ್ಲಿ ಗಣೇಶನ ಪೆಂಡಾಲು. ರಾತ್ರಿ ಎಂಟೂವರೆಗೆ ಆರ್ಕೆಸ್ಟ್ರಾ. ಹಾಡುವವರು ಇಬ್ಬರು, ತಬಲಾಕ್ಕೆ ಒಬ್ಬರು, ರಿದಂ ಪ್ಯಾಡಿಗೆ ಒಬ್ಬರು, ಕೀಬೋರ್ಡಿಗೆ ಒಬ್ಬ ಹುಡುಗ. ಬೇಸ್ ಗಿಟಾರಿನವರು ಬರಬೇಕಿತ್ತು, ಜ್ವರ ಬಂದು ಮಲಗಿದ್ದಾರೆ. ಕೊಳಲಿನವರನ್ನು ಕರೆಸಲು ಸಮಿತಿಯ ಬಳಿ ಮೊದಲೇ ಹಣವಿರಲಿಲ್ಲ. ತಂಡದ ಹಿರಿಯರು ಕೀಬೋರ್ಡಿನ ಹುಡುಗನತ್ತ ತಿರುಗುತ್ತಾರೆ.

"ಎರಡನ್ನೂ ನೀನೇ ನಿಭಾಯಿಸ್ತೀಯೇನಪ್ಪಾ?"

"ಆಗ್ಲಿ ಅಣ್ಣ, ಸ್ಪ್ಲಿಟ್ ಹಾಕ್ಕೊಳ್ತೀನಿ."

ಹುಡುಗನ ಮುಂದೆ ಇರುವುದು ಒಂದೇ ಕೀಬೋರ್ಡು, ಪಕ್ಕದಲ್ಲಿ ಒಂದು ಲ್ಯಾಪ್‌ಟಾಪ್. ಅವನು ಕೀಬೋರ್ಡಿನ ಎಡ ಅರ್ಧವನ್ನು ಬೇಸ್ ಗಿಟಾರಿಗೂ ಬಲ ಅರ್ಧವನ್ನು ಕೊಳಲಿಗೂ ಹಂಚಿಕೊಳ್ಳುತ್ತಾನೆ. ಮೊದಲೆರಡು ಹಾಡು ಸೊಗಸಾಗಿ ಸಾಗುತ್ತವೆ. ಮುಂದಿನ ಸಾಲಿನ ಕುರ್ಚಿಗಳಲ್ಲಿ ತಲೆಗಳು ತೂಗುತ್ತವೆ. ಮೂರನೆಯದು ನಿಧಾನ ಗತಿಯ ಭಾವಗೀತೆ. ಬಲಗೈಗೆ ಕೊಳಲಿನ ಬದಲು ಪಿಯಾನೊ ಹಾಕಿಕೊಂಡು, ಸ್ವರ ತುಂಡಾಗದಿರಲೆಂದು ಹುಡುಗ ಕಾಲ ಬಳಿಯ ಪೆಡಲನ್ನು ಒತ್ತುತ್ತಾನೆ. ಅಷ್ಟೇ! ಬೇಸ್ ಸ್ವರಗಳು ಒಂದರ ಮೇಲೊಂದು ರಾಶಿ ಬಿದ್ದು 'ಗುಂಯ್' ಎಂದು ಮೊರೆಯತೊಡಗುತ್ತವೆ. ಹಾಡುವವರಿಗೆ ಶ್ರುತಿಯೇ ಕೇಳಿಸದು. ಎಲ್ಲರ ಕಣ್ಣೂ ಮೈಕ್‌ಸೆಟ್ಟಿನವರ ಮೇಲೆ.

ಆದರೆ ತಪ್ಪು ಮೈಕ್‌ಸೆಟ್ಟಿನದಲ್ಲ. ಹುಡುಗನ ಬೆರಳುಗಳದ್ದೂ ಅಲ್ಲ. ಬೆರಳುಗಳು ಒತ್ತಬೇಕಾದುದನ್ನೇ ಒತ್ತಿವೆ. ಕೀಬೋರ್ಡನ್ನು ಎರಡು ಭಾಗ ಮಾಡಿದ ಹುಡುಗ ಒಂದು ಸಂಗತಿಯನ್ನು ಮರೆತಿದ್ದ: ಕೀಬೋರ್ಡಿನಲ್ಲಿ ಭಾಗ ಮಾಡಲು ಬರುವುದೂ ಇದೆ, ಬಾರದ್ದೂ ಇದೆ. ಯಾವುದು ಬರುತ್ತದೆ, ಯಾವುದು ಬಾರದು, ಏಕೆ? ಅದನ್ನು ತಿಳಿಯಲು ಕೀಬೋರ್ಡಿನ ಹೊಟ್ಟೆಯೊಳಗೆ ಇಣುಕಬೇಕು.

ಸದ್ದಿಲ್ಲದ ಪೆಟ್ಟಿಗೆ

ಹಾರ್ಮೋನಿಯಂ ಬಾರಿಸುವವರು ಬಿಳಿ ಕಪ್ಪು ಪಟ್ಟಿಗಳನ್ನು 'ಮನೆ'ಗಳೆಂದು ಕರೆಯುತ್ತಾರೆ. ಬಹಳ ಅರ್ಥಪೂರ್ಣವಾದ ಮಾತು ಅದು. ಹಾರ್ಮೋನಿಯಂನಲ್ಲಿ ಒಂದು ಮನೆಯನ್ನು ಒತ್ತಿದರೆ ಅದರಡಿಯ ರಂಧ್ರ ತೆರೆಯುತ್ತದೆ. ತಿದಿಯಿಂದ ಬರುವ ಗಾಳಿ ಅಲ್ಲಿರುವ ಹಿತ್ತಾಳೆಯ ರೀಡನ್ನು ಅದುರಿಸುತ್ತದೆ. ಸ್ವರ ನಿಜವಾಗಿಯೂ ಆ ಮನೆಯಲ್ಲೇ ವಾಸವಾಗಿದೆ. ಅದನ್ನು ಅಲ್ಲಿಂದ ಎಬ್ಬಿಸಿ ಇನ್ನೊಂದು ಮನೆಗೆ ಕಳಿಸಬೇಕಾದರೆ ಪೆಟ್ಟಿಗೆ ಬಿಚ್ಚಿ ರೀಡನ್ನೇ ಕೀಳಬೇಕು.

ಧ್ವನಿಮುದ್ರಣದ ಕೋಣೆಗಳಲ್ಲಿ ಬಳಸುವ ಮಿಡಿ ಕೀಬೋರ್ಡಿನ ಕತೆಯೇ ಬೇರೆ. ಮಿಡಿ ಎಂದರೆ ಉಪ್ಪಿನಕಾಯಿಯ ಮಿಡಿಯಲ್ಲ. 'ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್' ಎಂಬ ಉದ್ದನೆಯ ಹೆಸರಿನ ಮೊದಲಕ್ಷರಗಳು. ವಿದ್ಯುನ್ಮಾನ ವಾದ್ಯಗಳು ತಮ್ಮತಮ್ಮೊಳಗೆ ಮಾತಾಡಿಕೊಳ್ಳಲು ಒಪ್ಪಿಕೊಂಡ ಸಂಕೇತ ಭಾಷೆ ಅದು. ಈ ಬಗೆಯ ಕೀಬೋರ್ಡಿನ ಒಳಗೆ ರೀಡಿಲ್ಲ, ತಂತಿಯಿಲ್ಲ, ಹಲವು ಬಾರಿ ಸ್ಪೀಕರೂ ಇಲ್ಲ. ಕಂಪ್ಯೂಟರಿಗೆ ಜೋಡಿಸದೆ ದಿನವಿಡೀ ಬಾರಿಸಿದರೂ ಪ್ಲಾಸ್ಟಿಕ್ಕಿನ ಟಕಟಕ ಸದ್ದಲ್ಲದೆ ಬೇರೇನೂ ಕೇಳದು.

ಹಾಗಾದರೆ ಅದು ಮಾಡುವ ಕೆಲಸವೇನು? ಅಂಕಿಗಳನ್ನು ಕಳಿಸುವುದು. ಒಂದು ಮನೆಯನ್ನು ಒತ್ತಿದಾಗ ಮೂರು ಅಂಕಿಗಳು ಹೊರಡುತ್ತವೆ. ಮೊದಲನೆಯದು, 'ಒತ್ತಲಾಗಿದೆ, ಇಂಥ ಚಾನೆಲಿನಲ್ಲಿ' ಎನ್ನುವುದು. ಎರಡನೆಯದು, ಯಾವ ಮನೆ ಎನ್ನುವುದು. ಮೂರನೆಯದು, ಎಷ್ಟು ರಭಸವಾಗಿ ಒತ್ತಲಾಯಿತು ಎನ್ನುವುದು. ಕೀಬೋರ್ಡಿನ ಮಧ್ಯದ ಸಿ ಸ್ವರವನ್ನು, ನಮ್ಮ ಲೆಕ್ಕದ ಬಿಳಿ ಒಂದನ್ನು, ಒಂದನೇ ಚಾನೆಲಿನಲ್ಲಿ ಹದವಾಗಿ ಒತ್ತಿದರೆ 144, 60, 80 ಎಂಬಂಥ ಮೂರು ಅಂಕಿಗಳು ತಂತಿಯಲ್ಲಿ ಓಡುತ್ತವೆ. ಬೆರಳು ತೆಗೆದಾಗ 'ಬಿಡಲಾಗಿದೆ' ಎಂಬ ಇನ್ನೊಂದು ಸಂದೇಶ ಅದೇ 60ರ ಹೆಸರಿನಲ್ಲಿ ಹೋಗುತ್ತದೆ.

ರಭಸ ತಿಳಿಯುವ ಉಪಾಯ ಸ್ವಾರಸ್ಯಕರ. ಪ್ರತಿ ಮನೆಯಡಿಯಲ್ಲೂ ಸಾಮಾನ್ಯವಾಗಿ ಎರಡು ಸಣ್ಣ ಸ್ವಿಚ್ಚುಗಳಿರುತ್ತವೆ. ಒಂದು ತುಸು ಮೇಲೆ, ಇನ್ನೊಂದು ತುಸು ಕೆಳಗೆ. ಮೊದಲನೆಯದು ತಾಗಿದ ಮೇಲೆ ಎರಡನೆಯದು ತಾಗಲು ಹಿಡಿದ ಸಮಯವನ್ನು ಅಳೆದರೆ ಆಯಿತು. ದೂರ ಗೊತ್ತು, ಕಾಲ ಗೊತ್ತು, ವೇಗ ಸಿಕ್ಕಿತು. ಎಂಟನೇ ತರಗತಿಯ ಸೂತ್ರವೇ ಇಲ್ಲಿ ಸಂಗೀತದ ಮೃದುತ್ವವನ್ನು ಅಳೆಯುತ್ತಿದೆ!

ಮನೆಗಳ ನಂಬರು 0ಯಿಂದ 127ರ ವರೆಗೆ. ಸಾಮಾನ್ಯವಾಗಿ ಕಾಣುವ 61 ಮನೆಗಳ ಕೀಬೋರ್ಡಿನಲ್ಲಿ ತೀರ ಎಡಗಡೆಯದು 36, ಬಲತುದಿಯದು 96. ಪಿಯಾನೊದಷ್ಟು ಉದ್ದದ 88 ಮನೆಗಳದ್ದಾದರೆ 21ರಿಂದ 108. ಶ್ರುತಿ ಹೊಂದಿಸುವಾಗ ಬಳಸುವ 440 ಹರ್ಟ್ಸ್ ಕಂಪನದ ಎ ಸ್ವರಕ್ಕೆ ನಂಬರು 69. ಆದರೆ 69 ಎಂಬ ಅಂಕಿಯಲ್ಲಿ ಆ 440 ಕಂಪನಗಳಿಲ್ಲ. ಅವನ್ನು ಹುಟ್ಟಿಸುವುದು ಅಂಕಿಯನ್ನು ಪಡೆದುಕೊಂಡ ವಾದ್ಯ. ಲ್ಯಾಪ್‌ಟಾಪಿನಲ್ಲಿ ಕುಳಿತಿರುವ ತಂತ್ರಾಂಶ ವಾದ್ಯ ಕೊಳಲಾದರೆ 69 ಕೊಳಲಾಗಿ ಕೇಳುತ್ತದೆ. ಅಲ್ಲಿ ಮೃದಂಗವಿದ್ದರೆ ಮೃದಂಗದ ಯಾವುದೋ ಒಂದು ಪೆಟ್ಟಾಗಿ ಕೇಳುತ್ತದೆ.

ಬೀದಿ, ಮನೆ, ಅಂಚೆಯಣ್ಣ

ಮಿಡಿಯ ವ್ಯವಸ್ಥೆಯನ್ನು ಒಂದು ಬಡಾವಣೆಗೆ ಹೋಲಿಸಬಹುದು. ಬಡಾವಣೆಯಲ್ಲಿ 16 ಬೀದಿಗಳು. ಇವೇ ಮಿಡಿಯ 16 ಚಾನೆಲುಗಳು. ಪ್ರತಿ ಬೀದಿಯಲ್ಲೂ 0ಯಿಂದ 127ರ ತನಕ ನಂಬರು ಬರೆದ ಮನೆಗಳು. ಬೆರಳು ಹಾಕುವ ಪ್ರತಿಯೊಂದು ಕಾಗದದ ಮೇಲೂ ಬೀದಿಯ ಹೆಸರು, ಮನೆಯ ನಂಬರು ಇದ್ದೇ ಇರುತ್ತದೆ.

ಇಷ್ಟಾದ ಮೇಲೆ ಸ್ಪ್ಲಿಟ್ ಎಂಬ ವಿದ್ಯೆಯಲ್ಲಿ ನಿಗೂಢವೇನೂ ಉಳಿಯುವುದಿಲ್ಲ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವರು ಮಾಡುವ ಕೆಲಸವೇ ಅದು. '59ರ ವರೆಗಿನ ಮನೆಗಳ ಕಾಗದವೆಲ್ಲ ಈ ಅಂಚೆಯಣ್ಣನಿಗೆ, 60ರಿಂದ ಮುಂದಿನವು ಆ ಅಂಚೆಯಣ್ಣನಿಗೆ.' ಮೊದಲನೆಯವನು ಒಯ್ದದ್ದು ಬೇಸ್ ಗಿಟಾರಿನ ಬಾಗಿಲಿಗೆ, ಎರಡನೆಯವನು ಒಯ್ದದ್ದು ಕೊಳಲಿನ ಬಾಗಿಲಿಗೆ. ಕೀಬೋರ್ಡ್ ತುಂಡಾಗಲಿಲ್ಲ, ಸದ್ದೂ ತುಂಡಾಗಲಿಲ್ಲ. ವಿಂಗಡಣೆಯಾದದ್ದು ಅಂಕಿಗಳು ಮಾತ್ರ.

ಇದರಿಂದ ಇನ್ನೊಂದು ಅನುಕೂಲವೂ ಇದೆ. ಸಂಗೀತದ ತಂತ್ರಾಂಶದ ಮಿಡಿ ಟ್ರ್ಯಾಕಿನಲ್ಲಿ ದಾಖಲಾಗುವುದು ಕೂಡ ಸದ್ದಲ್ಲ, ಇದೇ ಅಂಕಿಗಳೇ. ಎರಡೂ ಕೈಗಳಲ್ಲಿ ಬಾರಿಸಿದ್ದನ್ನು ಒಂದೇ ಟ್ರ್ಯಾಕಿನಲ್ಲಿ ದಾಖಲಿಸಿಟ್ಟುಕೊಂಡು, ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ ಅದನ್ನು 59ಕ್ಕೆ ಒಡೆಯಬೇಕೋ 55ಕ್ಕೆ ಒಡೆಯಬೇಕೋ ಎಂದು ತೀರ್ಮಾನಿಸಬಹುದು. ಹಾಲಿಗೆ ಬಿದ್ದ ನೀರನ್ನು ಬೇರ್ಪಡಿಸಲಾಗದು. ಆದರೆ ನಂಬರು ಹಚ್ಚಿದ ಕಾಗದಗಳು ಎಷ್ಟೇ ಬೆರೆತಿದ್ದರೂ ಬೇರ್ಪಡಿಸಬಹುದು.

ಒಂದು ಸಾಲಿನಲ್ಲಿ ಎರಡು ದನಿ

ಒಂದೇ ಸಾಲಿನ ಮನೆಗಳಿಂದ ಎರಡು ದನಿ ಹೊರಡಿಸಬೇಕೆಂಬ ಆಸೆ ಕಂಪ್ಯೂಟರಿನಷ್ಟು ಹೊಸದಲ್ಲ. ಸ್ಪೇನ್ ದೇಶದ ಚರ್ಚುಗಳ ಪೈಪ್ ಆರ್ಗನ್‌ಗಳಲ್ಲಿ 16ನೇ ಶತಮಾನದ ಹೊತ್ತಿಗೇ ಈ ಏರ್ಪಾಡು ಬಂದಿತ್ತು. ಹಾರ್ಮೋನಿಯಂನ ಮುಂಭಾಗದಲ್ಲಿ ಎಳೆಯುವ ಸ್ಟಾಪರುಗಳಿರುವಂತೆ ಆರ್ಗನ್‌ಗೂ ಇವೆ. ಒಂದೊಂದು ಸ್ಟಾಪರು ಒಂದೊಂದು ಬಗೆಯ ಕೊಳವೆಗಳ ಸಾಲಿಗೆ ಗಾಳಿ ಬಿಡುತ್ತದೆ. ಸ್ಪೇನಿನ ಕುಶಲಕರ್ಮಿಗಳು ಈ ಸ್ಟಾಪರುಗಳನ್ನು ನಡುವೆ ಕತ್ತರಿಸಿ ಎಡಭಾಗಕ್ಕೊಂದು, ಬಲಭಾಗಕ್ಕೊಂದು ಮಾಡಿದರು. ಅಲ್ಲಿನ ಅನೇಕ ಆರ್ಗನ್‌ಗಳಿಗೆ ಮನೆಗಳ ಸಾಲು ಒಂದೇ. ಈ ಉಪಾಯದಿಂದ ಅಷ್ಟರಲ್ಲೇ ಎಡಗೈಗೆ ಒಂದು ದನಿ, ಬಲಗೈಗೆ ಬೇರೊಂದು ದನಿ ದಕ್ಕಿತು. ಇದಕ್ಕೆ 'ಮೇದಿಯೊ ರೆಹಿಸ್ತ್ರೊ' ಎಂದು ಹೆಸರು, ಅರ್ಧ ಸ್ಟಾಪರು ಎನ್ನೋಣ. ಫ್ರಾನ್ಸಿಸ್ಕೊ ಕೊರ್ರೆಯಾ ದೆ ಅರೌಖೊ ಎಂಬ ವಾದಕ 1626ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇಂಥ ಆರ್ಗನ್‌ಗೆಂದೇ ಹೊಂದಿಸಿದ ಅನೇಕ ರಚನೆಗಳನ್ನು ಸೇರಿಸಿದ್ದಾನೆ. ಗಡಿ ಎಲ್ಲಿ ಗೊತ್ತೆ? ಮಧ್ಯದ ಸಿ ಮತ್ತು ಅದರ ಪಕ್ಕದ ಕಪ್ಪು ಮನೆಯ ನಡುವೆ. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ 60 ಎಡಗೈ ಪಾಲಿಗೆ, 61 ಬಲಗೈ ಪಾಲಿಗೆ.

1960ರ ದಶಕದಲ್ಲಿ ಅಮೆರಿಕದ 'ದಿ ಡೋರ್ಸ್' ಎಂಬ ತಂಡಕ್ಕೂ ನಮ್ಮ ಪೆಂಡಾಲಿನ ಹುಡುಗನದ್ದೇ ಸ್ಥಿತಿ. ವೇದಿಕೆಯಲ್ಲಿ ಅವರಿಗೆ ಬೇಸ್ ಗಿಟಾರಿನವರಿರಲಿಲ್ಲ. ಕೀಬೋರ್ಡ್ ವಾದಕ ರೇ ಮನ್ಜರೆಕ್ ತನ್ನ ವಿದ್ಯುತ್ ಆರ್ಗನ್ನಿನ ಮೇಲೆ 32 ಮನೆಗಳ 'ಪಿಯಾನೊ ಬೇಸ್' ಎಂಬ ಇನ್ನೊಂದು ಪುಟ್ಟ ವಾದ್ಯವನ್ನು ಇಟ್ಟುಕೊಂಡ. ಎಡಗೈ ಅದರ ಮೇಲೆ, ಬಲಗೈ ಆರ್ಗನ್ನಿನ ಮೇಲೆ. ಎರಡು ದನಿಗೆ ಎರಡು ವಾದ್ಯವನ್ನೇ ಹೊರಬೇಕಿದ್ದ ಕಾಲ ಅದು. ಒಂದು ಕಂಪನಿಯ ಕೀಬೋರ್ಡಿನಿಂದ ಇನ್ನೊಂದು ಕಂಪನಿಯ ವಾದ್ಯವನ್ನು ನುಡಿಸುವ ಸುಲಭ ಮಾರ್ಗವೂ ಇರಲಿಲ್ಲ.

ಆ ಗೋಡೆ ಬಿದ್ದದ್ದು 1983ರಲ್ಲಿ. ಜಪಾನಿನ ರೋಲ್ಯಾಂಡ್ ಕಂಪನಿಯ ಸ್ಥಾಪಕ ಇಕುತಾರೊ ಕಾಕೆಹಾಶಿ ಮತ್ತು ಅಮೆರಿಕದ ಸೀಕ್ವೆನ್ಷಿಯಲ್ ಸರ್ಕ್ಯುಟ್ಸ್ ಕಂಪನಿಯ ಡೇವ್ ಸ್ಮಿತ್ ಮಾರುಕಟ್ಟೆಯಲ್ಲಿ ಪ್ರತಿಸ್ಪರ್ಧಿಗಳು. ಆದರೂ ಎಲ್ಲರ ವಾದ್ಯಗಳಿಗೂ ಒಂದೇ ಭಾಷೆ ಇರಲಿ ಎಂದು ಇಬ್ಬರೂ ಇತರ ಕಂಪನಿಗಳ ಜೊತೆ ಕೂತು ಕೆಲಸ ಮಾಡಿದರು. ಆ ವರ್ಷದ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ವಾದ್ಯ ಮೇಳವೊಂದರಲ್ಲಿ ಇಬ್ಬರ ವಾದ್ಯಗಳನ್ನೂ ಒಂದು ತಂತಿಯಿಂದ ಜೋಡಿಸಿ ತೋರಿಸಲಾಯಿತು. ಒಂದನ್ನು ಬಾರಿಸಿದರೆ ಇನ್ನೊಂದು ನುಡಿಯಿತು! ಈ ಭಾಷೆಯನ್ನು ಬಳಸುವವರಿಂದ ಪರವಾನಗಿ ಶುಲ್ಕ ಕೇಳದೆ ಬಿಟ್ಟದ್ದು ಅವರ ದೊಡ್ಡತನ. ಮೂವತ್ತು ವರ್ಷಗಳ ತರುವಾಯ, 2013ರಲ್ಲಿ, ಇಬ್ಬರಿಗೂ ತಾಂತ್ರಿಕ ಸಾಧನೆಯ ಗ್ರ್ಯಾಮಿ ಪ್ರಶಸ್ತಿ ಬಂತು. ಕಾಕೆಹಾಶಿ 2017ರಲ್ಲಿ, ಸ್ಮಿತ್ 2022ರಲ್ಲಿ ತೀರಿಕೊಂಡರು. 1999ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ ತನ್ನ ವಿಎಸ್‌ಟಿ ವಿಧಾನದ ಎರಡನೆಯ ಆವೃತ್ತಿಯಲ್ಲಿ ತಂತ್ರಾಂಶ ವಾದ್ಯಗಳಿಗೆ ದಾರಿ ಮಾಡಿಕೊಟ್ಟ ಮೇಲೆ, ಮಿಡಿಯ ಕಾಗದಗಳು ಕಂಪ್ಯೂಟರಿನೊಳಗಿನ ಕೊಳಲು ಪಿಯಾನೊಗಳಿಗೂ ತಲುಪತೊಡಗಿದವು.

ಗಡಿ ಹಾಕುವ ಕ್ರಮ

ವಿಂಗಡಣೆಯನ್ನು ಮೂರು ಕಡೆ ಮಾಡಬಹುದು. ಮೊದಲನೆಯದು ಕೀಬೋರ್ಡಿನಲ್ಲೇ. ಕೆಲವು ಕೀಬೋರ್ಡುಗಳಿಗೆ 'ಜೋನ್' ಎಂಬ ಸೌಲಭ್ಯವಿರುತ್ತದೆ. ಎಡಭಾಗದ ಕಾಗದಗಳಿಗೆ ಒಂದನೇ ಬೀದಿಯ ವಿಳಾಸ, ಬಲಭಾಗದವಕ್ಕೆ ಎರಡನೇ ಬೀದಿಯ ವಿಳಾಸ ಬರೆದೇ ಅವು ಕಳಿಸುತ್ತವೆ. ಎರಡನೆಯದು ತಂತ್ರಾಂಶದಲ್ಲಿ. ಏಬಲ್‌ಟನ್ ಲೈವ್‌ನಲ್ಲಿ 'ಇನ್‌ಸ್ಟ್ರುಮೆಂಟ್ ರ‍್ಯಾಕ್' ತೆರೆದು ಅದರೊಳಗೆ ಎರಡೂ ವಾದ್ಯಗಳನ್ನು ಹಾಕಿ, 'ಕೀ' ಎಂಬ ಗುಂಡಿ ಒತ್ತಿದರೆ ಪ್ರತಿ ವಾದ್ಯದ ಪಾಲಿನ ಮನೆಗಳು ಒಂದು ಪಟ್ಟಿಯಾಗಿ ಕಾಣುತ್ತವೆ. ಪಟ್ಟಿಯ ತುದಿಯನ್ನು ಎಳೆದು ಗಡಿ ಹಾಕಬಹುದು. ಲಾಜಿಕ್‌ನಲ್ಲಿ ಪ್ರತಿ ಟ್ರ್ಯಾಕಿಗೂ 'ಕೀ ಲಿಮಿಟ್' ಎಂಬ ಮಿತಿಯಿದೆ. ಮೂರನೆಯದು ತಂತ್ರಾಂಶ ವಾದ್ಯದ ಒಳಗೇ. ಹಲವು ವಾದ್ಯಗಳು ಇಂತಿಂಥ ಮನೆಗಳಿಗೆ ಮಾತ್ರ ಓಗೊಡಬೇಕೆಂದು ಹೇಳಿಸಿಕೊಳ್ಳುತ್ತವೆ. ಮೂರರಲ್ಲಿ ಯಾವುದಾದರೂ ಒಂದೇ ಕಡೆ ಮಾಡುವುದು ಕ್ಷೇಮ. ಎರಡು ಕಡೆ ಗಡಿ ಹಾಕಿದರೆ, ಸದ್ದು ಬಾರದಿದ್ದಾಗ ಕಾಗದ ಯಾವ ಗೇಟಿನಲ್ಲಿ ನಿಂತಿತೆಂದು ಹುಡುಕುವುದೇ ಕೆಲಸವಾಗುತ್ತದೆ.

ಗಡಿಯಲ್ಲಿ ಒಂದು ಮನೆಯ ತಪ್ಪೂ ತಪ್ಪೇ. ಬೇಸ್ 0ಯಿಂದ 59, ಕೊಳಲು 60ರಿಂದ 127 ಎಂದಿದ್ದರೆ ಸರಿ. ಎರಡಕ್ಕೂ 60 ಸೇರಿದರೆ ಆ ಒಂದು ಸ್ವರಕ್ಕೆ ಎರಡು ವಾದ್ಯವೂ ನುಡಿಯುತ್ತದೆ. ಬೇಸ್ 58ಕ್ಕೇ ನಿಂತರೆ 59ನೇ ಮನೆ ಅನಾಥ, ಒತ್ತಿದರೆ ಮೌನ. ವೇದಿಕೆಯ ಮೇಲೆ ಅದೇ ಸ್ವರ ಬೇಕಾಗುವುದು ಪ್ರಪಂಚದ ನಿಯಮ!

ಇನ್ನು ಹೆಸರುಗಳ ಗೊಂದಲ. 60ನೇ ಮನೆಯನ್ನು ಯಮಾಹಾದವರು ಸಿ3 ಎನ್ನುತ್ತಾರೆ. ರೋಲ್ಯಾಂಡಿನವರು ಸಿ4 ಎನ್ನುತ್ತಾರೆ. ಎಫ್‌ಎಲ್ ಸ್ಟುಡಿಯೊ ಎಂಬ ತಂತ್ರಾಂಶದಲ್ಲಿ ಅದೇ ಮನೆ ಸಿ5. 'ಸಿ3ರಲ್ಲಿ ಸ್ಪ್ಲಿಟ್ ಮಾಡು' ಎಂದು ಒಬ್ಬರು ಹೇಳಿ ಇನ್ನೊಬ್ಬರು ಮಾಡಿದರೆ ಗಡಿ ಹನ್ನೆರಡು ಮನೆ ಆಚೀಚೆ ಜಿಗಿಯಬಹುದು. ಹೆಸರು ಬೇರೆಯಾದರೂ 60 ಎಂಬ ನಂಬರು ಎಲ್ಲರಲ್ಲೂ ಒಂದೇ. ಆದ್ದರಿಂದ ನಂಬರಿನಲ್ಲೇ ಮಾತಾಡುವುದು ಒಳ್ಳೆಯದು.

ಎಡಗೈಗೆ ಸ್ಥಾಯಿಯ ತೊಂದರೆಯೂ ಇದೆ. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ಕೆಳಗಿನ ಸ್ವರ ಸುಮಾರು 41 ಹರ್ಟ್ಸ್, ಮಿಡಿಯ ಲೆಕ್ಕದಲ್ಲಿ 28. ಆದರೆ 61 ಮನೆಗಳ ಕೀಬೋರ್ಡು ಶುರುವಾಗುವುದೇ 36ರಿಂದ. ಆಳದ ಸ್ವರಗಳು ಕೈಗೇ ಸಿಗವು. ಅದಕ್ಕಾಗಿ ಎಡಭಾಗದ ಪ್ರತಿ ನಂಬರಿನಿಂದಲೂ 12 ಕಳೆಯುವಂತೆ ಹೇಳಬೇಕು. ಆಗ 40ನ್ನು ಒತ್ತಿದರೆ ಬೇಸ್ ಗಿಟಾರಿಗೆ ತಲುಪುವುದು 28. ಆದರೆ 36ರಿಂದ 39ರ ತನಕದ ನಾಲ್ಕು ಮನೆಗಳ ಬಗ್ಗೆ ಎಚ್ಚರ ಬೇಕು. ಗಿಟಾರಿನಲ್ಲೇ ಇಲ್ಲದ ಆ ಸ್ವರಗಳ ಜಾಗವನ್ನು ಕೆಲವು ತಂತ್ರಾಂಶ ವಾದ್ಯಗಳು 'ಕೀ ಸ್ವಿಚ್'ಗಳಿಗೆ ಬಳಸುತ್ತವೆ. ಒತ್ತಿದರೆ ಸ್ವರ ಬಾರದು, ಬದಲಿಗೆ ಮೀಟುವ ಶೈಲಿಯೇ ಬದಲಾಗಿಬಿಡುತ್ತದೆ.

ಎರಡು ವಾದ್ಯಗಳನ್ನು ಒಟ್ಟಿಗೆ ಓಡಿಸಿದರೆ ಸದ್ದು ತಡವಾಗುವುದೆ? ಸಂದೇಶದಿಂದ ತಡವಾಗದು. ಹಳೆಯ ಐದು ಕಡ್ಡಿಯ ಮಿಡಿ ತಂತಿಯಲ್ಲೇ ಸೆಕೆಂಡಿಗೆ 31,250 ಬಿಟ್‌ಗಳು ಓಡುತ್ತವೆ. ಮೂರು ಅಂಕಿಗಳ ಒಂದು ಸಂದೇಶಕ್ಕೆ 30 ಬಿಟ್, ಅಂದರೆ ಒಂದು ಮಿಲಿಸೆಕೆಂಡಿಗಿಂತ ತುಸು ಕಡಿಮೆ. ತಡವಾಗುವುದು ಕಂಪ್ಯೂಟರು ಸದ್ದನ್ನು ತಯಾರಿಸಿ ಕಂತುಕಂತಾಗಿ ಹೊರಬಿಡುವಲ್ಲಿ. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ ಒಂದು ಕಂತು 256 ಮಾದರಿಗಳಷ್ಟಿದ್ದರೆ ಸುಮಾರು 5.8 ಮಿಲಿಸೆಕೆಂಡು. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಸದ್ದು ಕ್ರಮಿಸುವ ದೂರ 2 ಮೀಟರು. ಎರಡು ಮೀಟರ್ ಆಚೆಯ ಸ್ಪೀಕರನ್ನು ಕೇಳುತ್ತಾ ಬಾರಿಸಿದಷ್ಟೇ ತಡ ಅದು. ಎರಡೂ ವಾದ್ಯಗಳಿಗೆ ಕಂತು ಒಂದೇ ಆದ್ದರಿಂದ ಎರಡನೆಯ ವಾದ್ಯದಿಂದ ತಡ ಇಮ್ಮಡಿಯಾಗದು. ಆದರೆ ಕಂಪ್ಯೂಟರಿನ ಮೇಲಿನ ಹೊರೆ ಹೆಚ್ಚುತ್ತದೆ. ಹೊರೆ ಮಿತಿ ಮೀರಿದರೆ ಪಟಪಟ ಸದ್ದು ಕೇಳಿ ಕಂತನ್ನು ದೊಡ್ಡದು ಮಾಡಬೇಕಾಗಿ ಬರುತ್ತದೆ.

ನಂಬರಿಲ್ಲದ ಕಾಗದ

ಈಗ ಪೆಂಡಾಲಿಗೆ ಹಿಂತಿರುಗೋಣ. ಹುಡುಗ ಗಡಿಯನ್ನು ಸರಿಯಾಗಿಯೇ ಹಾಕಿದ್ದ. ಆದರೆ ಪೆಡಲ್ ಒತ್ತಿದಾಗ ಹೊರಡುವ ಸಂದೇಶದಲ್ಲಿ ಏನಿದೆ ನೋಡಿ. 'ಒಂದನೇ ಬೀದಿ, 64ನೇ ಕಂಟ್ರೋಲು, ಬೆಲೆ 127.' ಇಲ್ಲಿರುವ 64 ಮನೆಯ ನಂಬರಲ್ಲ; ಪೆಡಲಿನ ಗುರುತು ಮಾತ್ರ. ಬೆಲೆ 64 ಅಥವಾ ಹೆಚ್ಚಿದ್ದರೆ ಪೆಡಲ್ ಒತ್ತಿದಂತೆ, 63 ಅಥವಾ ಕಡಿಮೆಯಿದ್ದರೆ ಬಿಟ್ಟಂತೆ. ಮನೆಯ ನಂಬರು ಈ ಸಂದೇಶದಲ್ಲಿ ಎಲ್ಲೂ ಇಲ್ಲ.

ಮನೆ ನಂಬರಿಲ್ಲದ ಕಾಗದವನ್ನು ವಿಂಗಡಿಸುವುದು ಹೇಗೆ? ಸಾಧ್ಯವಿಲ್ಲ. ಅದು ಕಾಗದವೇ ಅಲ್ಲ, ಡಂಗುರ. ಬೀದಿಯ ತುದಿಯಲ್ಲಿ ತಮಟೆ ಬಡಿದು ಸಾರಿದರೆ ಎಲ್ಲ ಮನೆಗಳಿಗೂ ಕೇಳುತ್ತದೆ. 'ಬೆರಳು ತೆಗೆದರೂ ಸ್ವರವನ್ನು ನಿಲ್ಲಿಸಬೇಡಿ' ಎಂದು ಪಿಯಾನೊಗೆ ಹೇಳಿದ್ದು ಬೇಸ್ ಗಿಟಾರಿಗೂ ಕೇಳಿಸಿತು. ಅದು ವಿಧೇಯವಾಗಿ ಎಲ್ಲ ಸ್ವರಗಳನ್ನೂ ಹಿಡಿದುಕೊಂಡಿತು.

ಪಿಚ್ ಬೆಂಡ್ ಚಕ್ರದ್ದೂ ಇದೇ ಪಾಡು. ಕೀಬೋರ್ಡಿನ ಎಡತುದಿಯಲ್ಲಿರುವ ಈ ಚಕ್ರವನ್ನು ತಿರುಗಿಸಿದರೆ ಸ್ವರ ಜಾರುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ 16,384 ಮೆಟ್ಟಿಲುಗಳಿರುವುದರಿಂದ ಜಾರಿಕೆ ನುಣುಪು. ಕೊಳಲಿನ ಗಮಕಕ್ಕೆ ನಮ್ಮ ವಾದಕರು ನೆಚ್ಚಿಕೊಂಡಿರುವುದು ಇದನ್ನೇ. ಆದರೆ ಈ ಸಂದೇಶಕ್ಕೂ ಬೀದಿಯಿದೆಯೇ ಹೊರತು ಮನೆಯಿಲ್ಲ. ಕೊಳಲು ಗಾಂಧಾರದಿಂದ ಮಧ್ಯಮಕ್ಕೆ ಜಾರುವಾಗ ಕೆಳಗಿನ ಷಡ್ಜವೂ ಅದರೊಂದಿಗೆ ಜಾರಿದರೆ ಹಾಡುವವರ ಕಾಲಡಿಯ ನೆಲವೇ ಸರಿದಂತೆ. ಸಾಲದ್ದಕ್ಕೆ ಚಕ್ರ ತಿರುಗಿಸಬೇಕಾದ ಎಡಗೈ ಬೇಸ್ ನುಡಿಸುತ್ತಾ ಕೂತಿದೆ!

ಪರಿಹಾರ ಕಷ್ಟವಲ್ಲ. ಬೇಸ್‌ನ ಅಂಚೆಯಣ್ಣನಿಗೆ 'ಡಂಗುರಕ್ಕೆ ಕಿವಿಗೊಡಬೇಡ' ಎಂದು ಹೇಳಿಟ್ಟರಾಯಿತು. ಅಂದರೆ ಬೇಸ್ ವಾದ್ಯದ ಮುಂದೆ 64ನೇ ಕಂಟ್ರೋಲನ್ನೂ ಪಿಚ್ ಬೆಂಡನ್ನೂ ತಡೆಯುವ ಫಿಲ್ಟರು ಇಡುವುದು. ಜೋನ್ ಸೌಲಭ್ಯವಿರುವ ಹಲವು ಕೀಬೋರ್ಡುಗಳಲ್ಲಿ ಯಾವ ಭಾಗಕ್ಕೆ ಪೆಡಲ್ ಬೇಕು, ಯಾವುದಕ್ಕೆ ಬೇಡ ಎಂದು ಗುರುತಿಸಲೂ ಬರುತ್ತದೆ. ತಂತ್ರಾಂಶ ವಾದ್ಯದಲ್ಲಿ ಬೆಂಡ್‌ನ ವ್ಯಾಪ್ತಿಯನ್ನು ಸೊನ್ನೆಗೆ ಇಟ್ಟರೂ ಷಡ್ಜ ಸ್ಥಿರವಾಗಿರುತ್ತದೆ. ಪ್ರತಿ ಸ್ವರಕ್ಕೂ ಅದರದೇ ಜಾರಿಕೆ ಬೇಕೆನ್ನುವವರಿಗಾಗಿ 2018ರಲ್ಲಿ 'ಎಂಪಿಇ' ಎಂಬ ಕ್ರಮ ಬಂತು. ಅದು ಒತ್ತಿದ ಪ್ರತಿ ಸ್ವರವನ್ನೂ ಬೇರೆ ಬೇರೆ ಬೀದಿಗೆ ಕಳಿಸುತ್ತದೆ. ಒಂದು ಬೀದಿಯಲ್ಲಿ ಒಂದೇ ಮನೆಯಿದ್ದರೆ ಡಂಗುರವೂ ಖಾಸಗಿ ಕಾಗದವೇ! 2020ರಲ್ಲಿ ಪ್ರಕಟವಾದ ಮಿಡಿ 2.0 ಈ ಜಾರಿಕೆಗೂ ಮನೆ ನಂಬರು ಬರೆಯಲು ಜಾಗ ಕೊಟ್ಟಿತು.

ಬಾಗಿಲು ಮುಚ್ಚದ ಸ್ವರ

ಇನ್ನೊಂದು ಅಪಾಯ ಗಡಿಯನ್ನು ನುಡಿಸುವ ನಡುವೆಯೇ ಸರಿಸುವುದರಲ್ಲಿದೆ. ಎಡಗೈ 57ನೇ ಮನೆಯನ್ನು ಒತ್ತಿ ಹಿಡಿದಿದೆ ಎನ್ನಿ. 'ಒತ್ತಲಾಗಿದೆ' ಎಂಬ ಕಾಗದ ಬೇಸ್‌ಗೆ ತಲುಪಿದೆ. ಅಷ್ಟರಲ್ಲಿ ಗಡಿ 55ಕ್ಕೆ ಇಳಿಯಿತು. ಈಗ ಬೆರಳು ತೆಗೆದರೆ 'ಬಿಡಲಾಗಿದೆ' ಎಂಬ ಕಾಗದ ಹೊಸ ವಿಂಗಡಣೆಯಂತೆ ಕೊಳಲಿಗೆ ಹೋಗುತ್ತದೆ. ಕೊಳಲಿಗೆ ಅದು ಅರ್ಥವಾಗದು, ತಾನು ಹಿಡಿದಿಲ್ಲದ ಸ್ವರವನ್ನು ಬಿಡುವುದೇನು? ಬೇಸ್ ಮಾತ್ರ ಬಾರದ ಕಾಗದಕ್ಕಾಗಿ ಕಾಯುತ್ತಾ ನುಡಿಯುತ್ತಲೇ ಇರುತ್ತದೆ. ವಾದಕರು ಇದನ್ನು 'ಸ್ವರ ಸಿಕ್ಕಿಕೊಂಡಿತು' ಎನ್ನುತ್ತಾರೆ. ಒಳ್ಳೆಯ ತಂತ್ರಾಂಶಗಳು ಯಾವ ಸ್ವರ ಯಾರ ಬಾಗಿಲು ತಟ್ಟಿತ್ತೆಂದು ನೆನಪಿಟ್ಟುಕೊಂಡು ಬಿಡುವ ಸಂದೇಶವನ್ನೂ ಅಲ್ಲಿಗೇ ಒಯ್ಯುತ್ತವೆ. ಎಲ್ಲವೂ ಹಾಗಿರುವುದಿಲ್ಲ. ಹಲವು ತಂತ್ರಾಂಶಗಳಲ್ಲಿ ಇರುವ 'ಪ್ಯಾನಿಕ್' ಗುಂಡಿ ಇಂಥ ಹೊತ್ತಿಗಾಗಿಯೇ. ಅದನ್ನು ಒತ್ತಿದರೆ 16 ಬೀದಿಗಳಲ್ಲೂ 'ಎಲ್ಲ ಸ್ವರಗಳೂ ನಿಲ್ಲಲಿ' ಎಂಬ ಡಂಗುರ ಹೊರಡುತ್ತದೆ. ಕಾರ್ಯಕ್ರಮಕ್ಕೆ ಮುಂಚೆ ಆ ಗುಂಡಿ ಎಲ್ಲಿದೆ ಎಂದು ನೋಡಿಟ್ಟುಕೊಂಡವರು ಜಾಣರು.

ಗಡಿಯನ್ನು ಬಲಗೈ ತಾನಾಗಿ ದಾಟುವುದೂ ಉಂಟು. ರಾಗದ ಸಂಚಾರ ಮಂದ್ರಕ್ಕಿಳಿದಾಗ 58ನೇ ಮನೆಗೆ ಬೆರಳು ಬಿದ್ದರೆ ಕೊಳಲಿನ ನಡುವೆ ಬೇಸ್ 'ದುಂ' ಎನ್ನುತ್ತದೆ. ಆಪಲ್ ಕಂಪನಿಯ ಮೇನ್‌ಸ್ಟೇಜ್ ಎಂಬ ತಂತ್ರಾಂಶದಲ್ಲಿ ಇದಕ್ಕಾಗಿ ಚಲಿಸುವ ಗಡಿಯ ಏರ್ಪಾಡಿದೆ. ಕೈ ಎತ್ತ ಸಾಗುತ್ತಿದೆ ಎಂಬುದನ್ನು ನೋಡಿ ಗಡಿ ಕೆಲವು ಮನೆಗಳಷ್ಟು ಆಚೀಚೆ ಸರಿಯುತ್ತದೆ. ಅದಿಲ್ಲದವರು ಹಾಡಿನ ಅತಿ ಕೆಳಗಿನ ಸ್ವರ ಯಾವುದೆಂದು ಮೊದಲೇ ನೋಡಿ, ಅದಕ್ಕಿಂತ ಎರಡು ಮನೆ ಕೆಳಗೆ ಗಡಿ ಹಾಕಿಕೊಳ್ಳಬೇಕು. ಹಾಡು ಬದಲಾದರೆ ಗಡಿಯೂ ಬದಲಾಗಬೇಕು. ಬದಲಿಸುವುದು ಮಾತ್ರ ಎರಡು ಹಾಡುಗಳ ನಡುವೆ, ಬೆರಳೂ ಕಾಲೂ ಬಿಡುವಾಗಿದ್ದಾಗ.

ಪೆಂಡಾಲಿನ ಹುಡುಗ ಇಷ್ಟನ್ನು ತಿಳಿದುಕೊಂಡರೆ ಮುಂದಿನ ಗಣೇಶನ ಹೊತ್ತಿಗೆ ಮೈಕ್‌ಸೆಟ್ಟಿನವರು ಬೈಸಿಕೊಳ್ಳುವುದು ತಪ್ಪುತ್ತದೆ. ಬೇಸ್‌ಗೆ ಫಿಲ್ಟರು ಇಟ್ಟು, ಗಡಿಯನ್ನು ಹಾಡಿಗೆ ತಕ್ಕಂತೆ ಬರೆದಿಟ್ಟುಕೊಂಡು, ಅವನು ಇಬ್ಬರ ಕೆಲಸವನ್ನು ಒಬ್ಬನೇ ನಿಭಾಯಿಸಬಲ್ಲ. ಸಮಿತಿಯವರಿಗೂ ಸಂತೋಷ, ಒಬ್ಬರ ಸಂಭಾವನೆ ಉಳಿಯಿತು.

ಚಿಂತೆ ಇರುವುದು ಅಲ್ಲೇ. ಈ ವರ್ಷ ಜ್ವರದಿಂದ ಬಾರದ ಬೇಸ್ ಗಿಟಾರಿನವರನ್ನು ಮುಂದಿನ ವರ್ಷ ಯಾರಾದರೂ ಕರೆಯುತ್ತಾರೆಯೆ? ತಬಲಾದವರ ಕೈ ಬೀಳುವುದನ್ನೇ ನೋಡುತ್ತಾ, ಹಾಡುವವರು ಉಸಿರೆಳೆಯಲು ನಿಂತಾಗ ತಾನೂ ಒಂದು ಮಾತ್ರೆ ತಡೆದು, ಮತ್ತೆ ಅವರೊಂದಿಗೆ ಹೊರಡುವ ಬೇಸ್ ವಾದಕರ ಗಮನ ಪೂರ್ತಿ ಆ ಒಂದು ಕೆಲಸದ ಮೇಲಿರುತ್ತದೆ. ಹುಡುಗನ ಎಡಗೈಗೆ ಅದರ ಅರ್ಧ ಗಮನವೂ ಸಿಗದು, ಬಲಗೈ ಕೊಳಲಿನಲ್ಲಿ ಮುಳುಗಿದೆ. ಮನೆಗಳಿಗೆ ನಂಬರಿದೆ, ಹಂಚಬಹುದು. ಗಮನಕ್ಕೆ ನಂಬರಿಲ್ಲ. ಅದಕ್ಕೇ ಹುಡುಗ ಹಾಡು ಮುಗಿದೊಡನೆ ಫಿಲ್ಟರು ಹಾಕಿಕೊಂಡು, ತಂಡದ ಹಿರಿಯರ ಕಿವಿಯಲ್ಲಿ ಒಂದು ಮಾತು ಹೇಳಿದರೆ ಚೆನ್ನ:

"ಇವತ್ತು ಹೇಗೋ ಆಯ್ತು ಅಣ್ಣ. ನಾಳಿದ್ದಿಗೆ ಬೇಸ್‌ನವರನ್ನ ಕರೆದುಬಿಡಿ."